ತೊಟ್ಟಿಮನೆಯಲ್ಲಿ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹಳೇ ತೊಟ್ಟಿಮನೆಯನ್ನು ರಿಪೇರಿ ಮಾಡಿ ಊಟದ ಮನೆ ನಡೆಸುತ್ತಿದ್ದೇವೆ. ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಜಗಲಿ ಮೇಲೆ ಕೂತು ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇವೆ. ಎಲ್ಲ ಓದುವಷ್ಟು ಪುರುಸೊತ್ತಿಲ್ಲ ಅಂದ್ರೆ ದುಡ್ಡು, ಮುದ್ದೆ, ಬುಕಿಂಗ್ ಈ ಮೂರನ್ನಾದರೂ ಓದಿಕೊಂಡು ಬನ್ನಿ.

ಇದು ಹೋಟೆಲಾ, ಹೋಂಸ್ಟೇನಾ, ರೆಸಾರ್ಟಾ?

ಊಟದ ಮನೆ ಅಷ್ಟೇ. ಉಳಿದುಕೊಳ್ಳಲು ರೂಮಿಲ್ಲ, ಈಜುಕೊಳವಿಲ್ಲ, ಎತ್ತಿನ ಗಾಡಿ ಸವಾರಿಯೂ ಇಲ್ಲ. ಮಧ್ಯಾಹ್ನ ಒಂದು ಪಂಕ್ತಿ, ರಾತ್ರಿ ಒಂದು ಪಂಕ್ತಿ. ಪಂಕ್ತಿಗೆ 24 ಜನ. ಸಸ್ಯಾಹಾರ, ಮಾಂಸದೂಟ ಅನ್ನುವ ವ್ಯತ್ಯಾಸ ಬಿಟ್ಟರೆ ಬಂದವರಿಗೆಲ್ಲ ಒಂದೇ ಊಟ, ಒಂದೊಂದೇ ಬಗೆಯಾಗಿ ಎರಡು ಗಂಟೆ ಹೊತ್ತು ಬಡಿಸುತ್ತೇವೆ. ಫೈನ್ ಡೈನಿಂಗ್ ಅಂತ ಯಾರೋ ಹೇಳಿದ್ದನ್ನು ಕೇಳಿ, ದೊಡ್ಡ ತಟ್ಟೆಯ ಮಧ್ಯೆ ಎರಡು ಚಮಚ ಊಟ ಇಡುತ್ತಾರೆ ಅಂದುಕೊಂಡು ದಾರಿಯಲ್ಲೇ ತಿಂದು ಬರುವವರಿದ್ದಾರೆ. ದಯವಿಟ್ಟು ಹಸಿದುಕೊಂಡು ಬನ್ನಿ.

ತೊಟ್ಟಿಮನೆ ಅಂದ್ರೆ ಹೇಗಿರುತ್ತೆ? ನಮ್ಮ ಮಕ್ಕಳು ನೋಡಿಯೇ ಇಲ್ಲ.

ಮನೆಯ ನಡುಮಧ್ಯೆ ಆಕಾಶಕ್ಕೆ ತೆರೆದ ಚೌಕದ ಜಾಗ ಇರುತ್ತದೆ, ಅದೇ ತೊಟ್ಟಿ. ಅದರ ನಾಲ್ಕೂ ಕಡೆ ಕಂಬಗಳ ಮೇಲೆ ನಿಂತ ಪಡಸಾಲೆ. ಪಡಸಾಲೆಯ ಹಿಂದೆ ಕೋಣೆಗಳು, ಅಡುಗೆಮನೆ, ದೇವರಮನೆ, ಭತ್ತ ತುಂಬುವ ಕಣಜ. ಬೀದಿ ಕಡೆ ಜಗಲಿ. ಹೊರಗೋಡೆಗೆ ಕಿಟಕಿ ಕಮ್ಮಿ, ಇದ್ದರೂ ಚಿಕ್ಕವು. ಹಾಗಾಗಿ ಬೆಳಕು, ಗಾಳಿ ಎರಡೂ ಹೆಚ್ಚಾಗಿ ತೊಟ್ಟಿಯಿಂದಲೇ ಬರಬೇಕು. ಒಳಗಿನ ಬಿಸಿ ಗಾಳಿ ತೊಟ್ಟಿಯ ಮೂಲಕ ಮೇಲೆ ಹೋಗುತ್ತದೆ, ಬಾಗಿಲಿನಿಂದ ಬೇರೆ ಗಾಳಿ ಒಳಗೆ ಬರುತ್ತದೆ. ಮಣ್ಣಿನ ಗೋಡೆಗಳು ಎರಡು ಅಡಿ ದಪ್ಪ ಇರುವುದರಿಂದ ಏಪ್ರಿಲ್ ಮಧ್ಯಾಹ್ನದ ಝಳ ಒಳಗೆ ಬರುವಷ್ಟರಲ್ಲಿ ಸಂಜೆ ಆಗಿರುತ್ತದೆ. ಎ.ಸಿ. ಹಾಕಿಸಿಲ್ಲ. ಫ್ಯಾನ್ ಇದೆ.

ಮರದ ಕಂಬಗಳ ಬುಡದಲ್ಲಿ ಕಲ್ಲು, ತಲೆಯ ಮೇಲೆ ತೊಲೆ ಹೊರುವ ಬೋದಿಗೆ. ಕಲ್ಲು ಬರೀ ಅಂದಕ್ಕಲ್ಲ, ನೆಲದ ತೇವ ಮತ್ತು ಗೆದ್ದಲು ನೇರವಾಗಿ ಮರಕ್ಕೆ ಹತ್ತದಿರಲಿ ಅಂತ. ಕೆತ್ತನೆ ಎಲ್ಲ ಕಂಬಕ್ಕೂ ಇಲ್ಲ. ಬಾಗಿಲಿನಿಂದ ಬರುವವರಿಗೆ ಕಾಣುವ ಕಂಬಗಳಿಗೆ ಮಾತ್ರ ಇದೆ. ಮನೆ ಕಟ್ಟಿಸಿದವರೂ ಖರ್ಚು ನೋಡಿಕೊಂಡೇ ಕಟ್ಟಿಸಿದ್ದಾರೆ ಅನ್ನಿ.

ಮನೆ ಎಷ್ಟು ಹಳೆಯದು?

ಕನ್ನಂಬಾಡಿ ಕಟ್ಟೆಗಿಂತ, ಅಂದ್ರೆ ಕೆ.ಆರ್.ಎಸ್. ಅಣೆಕಟ್ಟಿಗಿಂತ ಹಳೆಯದು. ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಮಂಡ್ಯದ ಬಹಳಷ್ಟು ಹೊಲಗಳು ಗದ್ದೆಯಾಗಿದ್ದು ಅದು ಮುಗಿದು ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ. ಆದರೆ ಶ್ರೀರಂಗಪಟ್ಟಣದ ಸುತ್ತಮುತ್ತ ಅದಕ್ಕೂ ಮುಂಚೆಯೇ ಹಳೇ ನಾಲೆಗಳಿದ್ದವು. ಚಿಕ್ಕದೇವರಾಜ ಒಡೆಯರ (1673–1704) ಹೆಸರಿನ ನಾಲೆಯಲ್ಲಿ ಇವತ್ತಿಗೂ ನೀರು ಹರಿಯುತ್ತಿದೆ. ನೀರಿದ್ದಲ್ಲಿ ಭತ್ತ, ಭತ್ತ ಇದ್ದಲ್ಲಿ ಕಣಜ, ಕಣಜ ತುಂಬಿದಲ್ಲಿ ಇಷ್ಟು ದೊಡ್ಡ ಮನೆ. ನೀವು ಊಟಕ್ಕೆ ಕೂರುವ ಒಳಕೋಣೆ ಹಿಂದೆ ಕಣಜವೇ ಆಗಿತ್ತು. ಅದಕ್ಕೇ ಕಿಟಕಿ ಇಲ್ಲ, ನೆಲ ಒಂದು ಮೆಟ್ಟಿಲು ಎತ್ತರ.

ರಿಪೇರಿಗೆ ಸಿಮೆಂಟೇ ಹಾಕಿಲ್ವಂತೆ, ಹೌದಾ?

ಹಳೇ ಗೋಡೆಗಳಿಗೆ ಹಾಕಿಲ್ಲ. ಹಿತ್ತಲಿನಲ್ಲಿ ಹೊಸದಾಗಿ ಕಟ್ಟಿದ ಶೌಚಾಲಯಕ್ಕೆ ಹಾಕಿದ್ದೇವೆ, ಸುಳ್ಳು ಯಾಕೆ ಹೇಳಬೇಕು.

ಕಾರಣ ಸರಳ. ಮಣ್ಣಿನ ಗೋಡೆ ನೆಲದ ತೇವ ಎಳೆದುಕೊಳ್ಳುತ್ತದೆ. ಮೇಲೆ ಸುಣ್ಣದ ಗಾರೆ ಇದ್ದರೆ ಆ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟ್ ಬಳಿದರೆ ಹೋಗಲು ದಾರಿಯಿಲ್ಲದೆ ಒಳಗೇ ಕೂತು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಸಿಮೆಂಟ್ ಪದರ ಹಪ್ಪಳದ ಹಾಗೆ ಎದ್ದು ಬರುತ್ತದೆ, ಬರುವಾಗ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಈ ಮನೆಯ ಬೀದಿ ಕಡೆಯ ಗೋಡೆ ನಮ್ಮ ಕೈಗೆ ಬಂದಾಗ ಹಾಗೇ ಇತ್ತು.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬಾರದು. ಆರಿದ ಮೇಲೆ ಗುಂಡಿಯಲ್ಲಿ ನೀರಿನಡಿ ವಾರಗಟ್ಟಲೆ ನೆನೆಯಬೇಕು. ಪಕ್ಕದ ಡ್ರಮ್ಮಿನಲ್ಲಿ ಬೆಲ್ಲ ಮತ್ತು ಜಜ್ಜಿದ ಅಳಲೆಕಾಯಿ ಹಾಕಿದ ನೀರು ಹುಳಿ ಬರುತ್ತಿರುತ್ತದೆ. ಆಮೇಲೆ ಸುಣ್ಣ, ಮರಳು, ಆ ನೀರು ಸೇರಿಸಿ ಅರೆಯುವುದು. ಕರಣೆಗೆ ಅಂಟದೆ ಜಾರುವ ಹದ ಬರಬೇಕು. ಹದ ಬಂದಿದೆಯೋ ಇಲ್ಲವೋ ಅಂತ ನೋಡುತ್ತಿದ್ದುದು ಹಿರಿಯ ಗಾರೆ ಮೇಸ್ತ್ರಿ. ಅವರು ಬೇಡ ಅಂದ ದಿನ ಗೋಡೆ ಕೆಲಸ ನಿಂತೇ ಹೋಗುತ್ತಿತ್ತು, ಕೂಲಿ ಮಾತ್ರ ನಿಲ್ಲುತ್ತಿರಲಿಲ್ಲ.

ಮಾಡಿನಲ್ಲಿ ಎರಡು ಥರದ ಹೆಂಚು ಕಾಣುತ್ತದೆ. ತೊಟ್ಟಿ ಸುತ್ತ ಇರುವುದು ಕುಂಬಾರರ ನಾಡಹೆಂಚು. ಬೀದಿ ಕಡೆಯದು ಮಂಗಳೂರು ಹೆಂಚು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಾಡಿಗೆಲ್ಲ ಹರಡಿದ ಹೆಂಚು ಅದು. ಮಂಗಳೂರು ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ನಾಡಹೆಂಚು ಹಾಗಲ್ಲ, ಪ್ರತಿ ವರ್ಷ ಮುಂಗಾರಿಗೆ ಮುಂಚೆ ಇಳಿಸಿ ಹೊಂದಿಸಬೇಕು. ಕೋತಿಗಳು ಬಂದು ಹೋದರೆ ಮತ್ತೊಮ್ಮೆ.

ಹಳೇ ಕಟ್ಟಡ, ತಲೆ ಮೇಲೆ ಬೀಳಲ್ಲ ತಾನೆ?

ಮೈಸೂರಿನವರು ಜಾಸ್ತಿ ಕೇಳುವ ಪ್ರಶ್ನೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಿದ್ದನ್ನು ನೋಡಿದವರಿಗೆ ಭಯ ಇರುವುದು ಸಹಜ. ಇಲ್ಲಿ ಮುರಿದ ತೊಲೆಗಳನ್ನು ಬದಲಾಯಿಸಿದ್ದೇವೆ, ಹುಳ ತಿಂದ ಎರಡು ಕಂಬಗಳ ಬುಡ ಕತ್ತರಿಸಿ ಹೊಸ ಮರ ಕೂಡಿಸಿದ್ದೇವೆ. ವರ್ಷಕ್ಕೊಮ್ಮೆ ಎಂಜಿನಿಯರ್ ಬಂದು ನೋಡುತ್ತಾರೆ. ಅಟ್ಟಕ್ಕೆ ಮಾತ್ರ ಯಾರನ್ನೂ ಹತ್ತಿಸುವುದಿಲ್ಲ. ರೀಲ್ಸ್‌ಗೆ ಅಂತ ಕೇಳಿದರೂ ಇಲ್ಲ.

ಊಟಕ್ಕೆ ಏನೇನಿರುತ್ತೆ?

ತಿಂಗಳು ತಿಂಗಳಿಗೆ ಬದಲಾಗುತ್ತದೆ, ಆದರೆ ಸಾಲು ಹೆಚ್ಚುಕಡಿಮೆ ಹೀಗೆ. ಬಂದ ಕೂಡಲೇ ಜಗಲಿಯ ಮೇಲೆ ಪಾನಕ ಅಥವಾ ನೀರುಮಜ್ಜಿಗೆ. ಎಲೆ ಮುಂದೆ ಕೂತ ಮೇಲೆ ಕೋಸಂಬರಿ, ಹುಚ್ಚೆಳ್ಳು ಚಟ್ನಿ, ಬಿಸಿ ಬಿಸಿ ವಡೆ. ಆಮೇಲೆ ಒತ್ತುಶಾವಿಗೆ, ಕಾಯಿಹಾಲು. ಅದಾದ ಮೇಲೆ ಮುದ್ದೆ ಮತ್ತು ಆ ದಿನದ ಸಾರು. ನಂತರ ಬದನೆಕಾಯಿ ಎಣ್ಣೆಗಾಯಿ, ಮೈಸೂರಿನ ಈರನಗೆರೆ ಬದನೆ ಸಿಕ್ಕಿದರೆ ಅದೇ. ಕೊನೆಗೆ ರಾಜಮುಡಿ ಅನ್ನ, ತಿಳಿಸಾರು, ಮೊಸರು. ಸಿಹಿಗೆ ಕಜ್ಜಾಯ ಅಥವಾ ಬಾಳೆಹಣ್ಣಿನ ರಸಾಯನ. ನಂಜನಗೂಡು ರಸಬಾಳೆ ಸಿಕ್ಕಿದ ದಿನ ನಿಮ್ಮ ಅದೃಷ್ಟ. ಸೊರಗು ರೋಗದಿಂದ ಆ ಬಾಳೆಯ ತೋಟಗಳು ಬಹಳ ಕಮ್ಮಿಯಾಗಿವೆ. ಮೈಸೂರು ಪಾಕ್ ಮಾಡುವುದಿಲ್ಲ. ಅದಕ್ಕೆ ಮೈಸೂರಿನಲ್ಲೇ ಅಂಗಡಿಗಳಿವೆ, ಅಲ್ವಾ.

ಸಾರಿನ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಈ ಊಟದ ನಡುಗಂಬವೇ ಅದು. ಬಸ್ಸಾರಿನ ದಿನ ಬೆಳಿಗ್ಗೆ ಅವರೆಕಾಳೋ ಅಲಸಂದೆಕಾಳೋ ಬೇಯಲು ಇಡುತ್ತಾರೆ. ಮುಕ್ಕಾಲು ಬೆಂದಾಗ ಸೊಪ್ಪು ಬೀಳುತ್ತದೆ. ಸೊಪ್ಪು ಒಂದೇ ಥರ ಇರುವುದಿಲ್ಲ, ದಂಟು, ಕೀರೆ, ಹೊಲದ ಬದುವಿನಲ್ಲಿ ಸಿಕ್ಕಿದ ಬೆರಕೆ ಸೊಪ್ಪು ಎಲ್ಲ ಸೇರುತ್ತದೆ. ಬೆಂದ ಮೇಲೆ ಕಟ್ಟನ್ನು, ಅಂದ್ರೆ ಬೇಯಿಸಿದ ನೀರನ್ನು, ಬಸಿದು ತೆಗೆಯುತ್ತಾರೆ. ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಹುಣಸೆಹಣ್ಣು, ತೆಂಗಿನಕಾಯಿ, ಒಂದು ಹಿಡಿ ಬೆಂದ ಕಾಳು, ಇಷ್ಟನ್ನೂ ಒರಳಿನಲ್ಲಿ ರುಬ್ಬಿ ಆ ಕಟ್ಟಿಗೆ ಕಲಸಿ ಕುದಿಸುತ್ತಾರೆ. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಬಿದ್ದು ಪಲ್ಯ ಆಗುತ್ತದೆ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಉಪ್ಸಾರಿನ ದಿನ ಕಟ್ಟಿಗೆ ಬರೀ ಉಪ್ಪು, ಖಾರ ಬೇರೆ ರುಬ್ಬಿ ಎಲೆಯ ಅಂಚಿಗೆ ಇಡುತ್ತಾರೆ. ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳುವುದು ನಿಮಗೆ ಬಿಟ್ಟಿದ್ದು.

ಡಿಸೆಂಬರ್, ಜನವರಿಯಲ್ಲಿ ಬಂದರೆ ಹಿತಕಿದ ಬೇಳೆ. ಸೊಗಡು ಅವರೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಹಿತಕಿ ಸಿಪ್ಪೆ ತೆಗೆಯಬೇಕು. ಬೇಗ ಬಂದವರು ತೊಟ್ಟಿ ಕಟ್ಟೆಯ ಮೇಲೆ ಕೂತು ಕೈ ಹಾಕಬಹುದು, ನಮಗೇನೂ ಅಭ್ಯಂತರವಿಲ್ಲ.

ರಾಜಮುಡಿ ಅಕ್ಕಿ ಎಲ್ಲಿಂದ ತರಿಸ್ತೀರಿ?

ತಾಲ್ಲೂಕಿನ ಕೆಲವು ರೈತರಿಂದ. ಒಡೆಯರ ಕಾಲದಲ್ಲಿ ಕಂದಾಯದ ಬದಲು ಅರಮನೆಗೆ ಅಳೆಯುತ್ತಿದ್ದ ಭತ್ತ ಅಂತ ಅದಕ್ಕೆ ಹೆಸರು. ಅಕ್ಕಿಯಲ್ಲಿ ಕೆಂಪು ಗೆರೆ ಕಾಣುತ್ತದೆ, ಪೂರ್ತಿ ಪಾಲಿಶ್ ಮಾಡಿಸುವುದಿಲ್ಲ. ದೇಸಿ ಭತ್ತದ ಬಗ್ಗೆ ಆಸಕ್ತಿ ಇರುವವರು ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಅವರ ಕೆಲಸದ ಬಗ್ಗೆ ತಿಳಿದುಕೊಳ್ಳಿ. ನೂರಾರು ತಳಿಗಳನ್ನು ಬೆಳೆದು ಉಳಿಸಿಕೊಂಡು ಬಂದಿದ್ದಾರೆ.

ಬೆಲ್ಲ ಯಾಕೆ ಇಷ್ಟು ಕಪ್ಪು? ಹಳೇದಾ?

ಹಳೇದಲ್ಲ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವಾಗ ಕೊಳೆ ಎತ್ತಲು ಬೆಂಡೆ ಗಿಡದ ಲೋಳೆ, ಸ್ವಲ್ಪ ಸುಣ್ಣ ಹಾಕುತ್ತಾರೆ. ಹಾಗೆ ಮಾಡಿದ ಬೆಲ್ಲ ಕಂದು ಬಣ್ಣಕ್ಕೆ ಬರುತ್ತದೆ. ಅಂಗಡಿಯಲ್ಲಿ ಫಳಫಳ ಹಳದಿ ಕಾಣುವ ಬೆಲ್ಲಕ್ಕೆ ಬಣ್ಣ ಬರಲು ಆಲೆಮನೆಯಲ್ಲಿ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವುದುಂಟು. ಗಿರಾಕಿಗಳು ಹಳದಿ ಬೆಲ್ಲವನ್ನೇ ಕೇಳಿದರೆ ಆಲೆಮನೆಯವರನ್ನು ಬೈದು ಏನು ಪ್ರಯೋಜನ?

ಮನೆಯಲ್ಲೂ ಸಿಗೋ ಮುದ್ದೆ ಸಾರಿಗೆ ಇಷ್ಟು ದುಡ್ಡಾ?

ಸಸ್ಯಾಹಾರ ಊಟ 1,800 ರೂಪಾಯಿ, ಮಾಂಸದೂಟ 2,200. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ. ಪ್ರಶ್ನೆ ನ್ಯಾಯವಾದದ್ದೇ. ಮಂಡ್ಯದವರು ಕೇಳಿದಷ್ಟು ಖಾರವಾಗಿ ಬೆಂಗಳೂರಿನವರು ಕೇಳುವುದಿಲ್ಲ.

ಲೆಕ್ಕ ಹೇಳುತ್ತೇವೆ. ಫಾರಂ ಕೋಳಿ ಆರು ವಾರಕ್ಕೆ ಮಾರಾಟಕ್ಕೆ ಬರುತ್ತದೆ. ನಾಟಿ ಕೋಳಿಗೆ ಐದಾರು ತಿಂಗಳು ಬೇಕು. ಹಿತಕಿದ ಬೇಳೆಗೆ ಕೂಲಿ ಕೊಟ್ಟು ಹಿತಕಿಸಬೇಕು, ಯಂತ್ರದಲ್ಲಿ ಮಾಡಿದ್ದು ನಮಗೆ ಸರಿಬರಲಿಲ್ಲ. ಪಂಕ್ತಿಗೆ 24 ಜನ ಮಾತ್ರ, ಅದಕ್ಕೆ ಅಡುಗೆ, ಬಡಿಸುವುದು, ಪಾತ್ರೆ, ಹಿತ್ತಲು ಎಲ್ಲ ಸೇರಿ 14 ಜನಕ್ಕೆ ತಿಂಗಳ ಸಂಬಳ. ಮನೆಗೂ ಸಂಬಳ ಇದ್ದ ಹಾಗೆ: ಸುಣ್ಣ, ಹೆಂಚು, ಮರದ ಎಣ್ಣೆ, ನೆಲದ ಪಾಲಿಶ್. ಸಾಮಾನಿಗಿಂತ ಜಾಸ್ತಿ ದುಡ್ಡು ಕೈಕೆಲಸಕ್ಕೇ ಹೋಗುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಅಮ್ಮ ಮಾಡುವ ಬಸ್ಸಾರಿಗೆ ನಾವು ಯಾವತ್ತೂ ಬೆಲೆ ಕಟ್ಟಿಲ್ಲ. ಹಾಗಾಗಿ ಹೊರಗೆ ಅದಕ್ಕೆ ಬೆಲೆ ಕೇಳಿದರೆ ಮೋಸ ಅನ್ನಿಸುತ್ತದೆ. ಅದೇ ದುಡ್ಡನ್ನು ಪಾಸ್ತಾಗೆ ಕೊಡುವಾಗ ಯಾರೂ ತಕರಾರು ಮಾಡುವುದಿಲ್ಲ. ಮುದ್ದೆಯನ್ನು ಗೋಲಿ ಗಾತ್ರಕ್ಕೆ ಇಳಿಸಿ, ಮೇಲೆ ಹೂವಿನ ಎಸಳು ಇಟ್ಟು, ಸಾರನ್ನು ನೊರೆ ಮಾಡಿ ಕೊಟ್ಟರೆ ದರ ಸರಿ ಅನ್ನಿಸೀತು ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ಮುದ್ದೆ ಮುದ್ದೆಯಾಗೇ ಇರಲಿ. ನಾವು ಚೆಂದ ಮಾಡಬೇಕಾದದ್ದು ಹಿಟ್ಟಿನ ಹದ, ಸಾರಿನ ಕುದಿ, ಬಡಿಸುವ ಹೊತ್ತು. ಇದು ಜಾಸ್ತಿ ಆಯಿತು ಅನ್ನುವವರಿಗೆ ಮೈಸೂರು ರಸ್ತೆಯ ಉದ್ದಕ್ಕೂ ಒಳ್ಳೊಳ್ಳೆ ಮುದ್ದೆ ಮೆಸ್‌ಗಳಿವೆ. ರಜೆ ದಿನ ನಾವೂ ಅಲ್ಲೇ ಉಣ್ಣುವುದು.

ಬಿಲ್ಲಿಗೆ ಇನ್ನೇನು ಸೇರುತ್ತೆ?

ಶೇಕಡ 5 ಜಿಎಸ್‌ಟಿ. ಸರ್ವಿಸ್ ಚಾರ್ಜ್ ಇಲ್ಲ. ಎಲ್ಲಿಗೇ ಹೋದರೂ ನೆನಪಿಡಿ: 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಹೋಟೆಲಿನವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಖುಷಿಯಿಂದ ಕೊಡುವ ಟಿಪ್ಸ್ ಬಾಗಿಲ ಬಳಿಯ ಡಬ್ಬಕ್ಕೆ ಹಾಕಿ. ಪಾತ್ರೆ ತೊಳೆಯುವವರಿಗೂ ಅದರಲ್ಲಿ ಸಮಪಾಲು.

ಮುದ್ದೆ ತಿನ್ನೋಕೆ ಬರಲ್ಲ. ನಗಾಡಲ್ವಾ?

ನಗುವುದಿಲ್ಲ, ಹೇಳಿಕೊಡುತ್ತೇವೆ. ಬಲಗೈ ಬೆರಳು ಮೊದಲು ಸಾರಿಗೆ ಅದ್ದಿ, ಆಗ ಹಿಟ್ಟು ಅಂಟುವುದಿಲ್ಲ. ಅಂಚಿನಿಂದ ನೆಲ್ಲಿಕಾಯಿ ಗಾತ್ರ ಮುರಿದುಕೊಳ್ಳಿ. ಬೆರಳಲ್ಲೇ ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ, ಬಾಯಿಗೆ ಹಾಕಿ ನುಂಗಿ. ಅಗಿಯಬೇಡಿ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ರುಚಿ ಇಲ್ಲ ಅಂತೀರಿ. ಮೊದಲ ತುತ್ತು ಚಿಕ್ಕದಿರಲಿ, ಸಾರು ಜಾಸ್ತಿ ಇರಲಿ. ಮಧ್ಯೆ ನೀರು ಕುಡಿಯುವ ಬದಲು ಸಾರು ಹಾಕಿಸಿಕೊಳ್ಳಿ, ಎಷ್ಟು ಸಲ ಕೇಳಿದರೂ ಬಡಿಸುತ್ತೇವೆ. ಚಮಚ ಕೇಳಿದರೆ ಕೊಡುತ್ತೇವೆ, ಆದರೆ ಚಮಚದಲ್ಲಿ ಮುದ್ದೆ ತಿನ್ನುವುದು ಬಹಳ ಕಷ್ಟ.

ಮಾಂಸದೂಟದಲ್ಲಿ ಏನಿರುತ್ತೆ? ಬನ್ನೂರು ಕುರಿ ಸಿಗುತ್ತಾ?

ನಾಟಿ ಕೋಳಿ ಸಾರು ಯಾವಾಗಲೂ ಇರುತ್ತದೆ. ಭಾನುವಾರ ಮಟನ್ ಸಾರು, ಕೈಮ ಉಂಡೆ. ತಲೆ ಮಾಂಸ, ಬೋಟಿ ಬೇಕಾದವರು ಬುಕ್ ಮಾಡುವಾಗಲೇ ಹೇಳಬೇಕು.

ಬನ್ನೂರು ಕುರಿ ಅನ್ನಿ, ಬಂಡೂರು ಕುರಿ ಅನ್ನಿ, ಮಂಡ್ಯ ತಳಿ ಅನ್ನಿ, ಎಲ್ಲ ಒಂದೇ. ಗಿಡ್ಡ ಕಾಲು, ಪೀಪಾಯಿ ಮೈ. ಕೊಬ್ಬು ಮಾಂಸದ ಜೊತೆಗೇ ಹರಡಿಕೊಂಡಿರುವುದರಿಂದ ಬೇಗ ಬೇಯುತ್ತದೆ, ಮೆತ್ತಗಿರುತ್ತದೆ. ಆದರೆ ಅಪ್ಪಟ ತಳಿಯ ಕುರಿಗಳು ಕಮ್ಮಿ. ಬೋರ್ಡಿನಲ್ಲಿ ಬನ್ನೂರು ಅಂತ ಬರೆದುಕೊಂಡ ಅಂಗಡಿಗಳನ್ನೆಲ್ಲ ಕೂಡಿಸಿದರೆ ಅಷ್ಟು ಕುರಿ ಎಲ್ಲಿಂದ ಬರಬೇಕು? ನಮಗೆ ಸಾಕುವವರಿಂದ ನೇರವಾಗಿ ಸಿಕ್ಕಿದ ವಾರ ಮಾತ್ರ ಅದೇ ಅಂತ ಹೇಳಿ ಬಡಿಸುತ್ತೇವೆ. ಉಳಿದ ವಾರ ಬರೀ ಕುರಿ ಅಂತಲೇ ಹೇಳುತ್ತೇವೆ.

ಸಸ್ಯಾಹಾರ, ಮಾಂಸಾಹಾರಕ್ಕೆ ಒಲೆ, ಪಾತ್ರೆ, ಬಡಿಸುವವರು ಬೇರೆ. ಕೂರುವ ಜಾಗ ಮಾತ್ರ ಒಂದೇ.

ಅಡುಗೆ ಮಾಡೋರು ಯಾರು? ಯಾವ ಜನ?

ಇದೇ ಊರಿನ, ಪಕ್ಕದ ಊರುಗಳ ಹೆಂಗಸರು. ನಾವೆಲ್ಲ ಅಕ್ಕ ಅಂತ ಕರೆಯುವ ಹಿರಿಯರೊಬ್ಬರು ಒಲೆಗಳ ಯಜಮಾನಿ. ಮದುವೆ ಮನೆಗಳಲ್ಲಿ ಸಾವಿರಾರು ಜನಕ್ಕೆ ಬೇಯಿಸಿದ ಕೈ ಅವರದು. ಇಪ್ಪತ್ತನಾಲ್ಕು ಜನ ಅಂದಾಗ ಇದೇನು ಆಟದ ಅಡುಗೆ ಅಂತ ನಕ್ಕಿದ್ದರು.

ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರ ಕೊಡುವುದಿಲ್ಲ. ಇಂಥ ದೊಡ್ಡ ಮನೆಗಳಲ್ಲಿ ಹಿಂದೆ ಕೆಲವರಿಗೆ ಜಗಲಿಯವರೆಗೆ ಮಾತ್ರ ಪ್ರವೇಶ ಇತ್ತು, ಕೆಲವರಿಗೆ ಜಗಲಿಯೂ ಇರಲಿಲ್ಲ. ಅಂಗಳದಲ್ಲಿ ನಿಂತು ಕೂಲಿ ಭತ್ತ ಅಳೆಸಿಕೊಂಡು ಹೋದವರ ಮೊಮ್ಮಕ್ಕಳು ಇವತ್ತು ಒಳಗೆ ಅಡುಗೆ ಮಾಡುತ್ತಾರೆ, ಬಡಿಸುತ್ತಾರೆ, ಪಕ್ಕದ ಎಲೆಯಲ್ಲಿ ಕೂತು ಉಣ್ಣುತ್ತಾರೆ. ಗೋಡೆ, ಕಂಬ ಹಳೆಯ ಹಾಗೇ ಇರಲಿ ಅಂತ ಇಷ್ಟೆಲ್ಲ ಪಾಡು ಪಟ್ಟಿದ್ದೇವೆ. ಆ ಹಳೇ ಪದ್ಧತಿಗೆ ಮಾತ್ರ ರಿಪೇರಿ ಇಲ್ಲ. ಅದು ಮುಖ್ಯ ಅನ್ನುವವರ ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ.

ಕೆಳಗೆ ಕೂರಲೇಬೇಕಾ? ಅಮ್ಮನಿಗೆ ಮಂಡಿ ನೋವು.

ಬೇಡ. ಪಡಸಾಲೆಯ ಒಂದು ಕಡೆ ಮಣೆ ಹಾಕಿ ಕೆಳಗೆ ಕೂರಿಸುತ್ತೇವೆ, ಉಳಿದ ಕಡೆ ಟೇಬಲ್ ಇದೆ. ತಲೆಬಾಗಿಲ ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ. ವ್ಹೀಲ್‌ಚೇರ್‌ಗೆ ಹಿತ್ತಲ ಬಾಗಿಲಿನಿಂದ ಇಳಿಜಾರು ದಾರಿ ಮಾಡಿದ್ದೇವೆ. ಕಾರನ್ನು ಅಲ್ಲಿಯವರೆಗೂ ತರಬಹುದು. ಶೌಚಾಲಯ ಹಿಂದಿನ ಕೊಟ್ಟಿಗೆಯ ಜಾಗದಲ್ಲಿದೆ, ಕಮೋಡ್ ಇದೆ, ಹಿಡಿದುಕೊಳ್ಳಲು ಕಂಬಿ ಇದೆ. ಎತ್ತರದವರು ಬಾಗಿಲಲ್ಲಿ ತಲೆ ತಗ್ಗಿಸಿ. ಎಷ್ಟು ಸಲ ಹೇಳಿದರೂ ದಿನಕ್ಕೊಬ್ಬರಾದರೂ ಬಡಿಸಿಕೊಳ್ಳುತ್ತಾರೆ.

ಊಟದ ಮಧ್ಯೆ ಮಳೆ ಬಂದ್ರೆ?

ತೊಟ್ಟಿಯೊಳಗೇ ಬೀಳುತ್ತದೆ, ನೀವು ಸೂರಿನ ಕೆಳಗೆ ಕೂತು ನೋಡಬಹುದು. ನಾಲ್ಕು ಮೂಲೆಗಳ ತಗಡಿನ ದೋಣಿಯಿಂದ ನೀರು ಧೋ ಅಂತ ಇಳಿಯುತ್ತದೆ, ಪಕ್ಕದವರ ಮಾತು ಕೇಳಿಸುವುದಿಲ್ಲ. ತೊಟ್ಟಿಯ ಅಂಚಿನ ಟೇಬಲ್‌ನವರಿಗೆ ಎರಚಲು ಹೊಡೆದರೆ ಒಳಕೋಣೆಗೆ ಜಾಗ ಬದಲಿಸುತ್ತೇವೆ. ತೊಟ್ಟಿಗೆ ಗಾಜಿನ ಮುಚ್ಚಳ ಹಾಕಿಸಿ ಅಂತ ಬಹಳ ಜನ ಹೇಳುತ್ತಾರೆ. ಹಾಕಿದರೆ ಬಿಸಿ ಗಾಳಿ ಹೋಗಲು ದಾರಿಯೇ ಇರುವುದಿಲ್ಲ, ಆಮೇಲೆ ಎ.ಸಿ. ಬೇಕಾಗುತ್ತದೆ. ಬಿದ್ದ ನೀರು ಹಿತ್ತಲ ಬಾವಿಗೆ ಹೋಗುತ್ತದೆ. ಕರೆಂಟ್ ಹೋದರೆ ಇನ್ವರ್ಟರ್ ಇದೆ.

ಬುಕಿಂಗ್ ಹೇಗೆ? ಸುಮ್ನೆ ಬಂದ್ರೆ ಊಟ ಸಿಗುತ್ತಾ?

ಸುಮ್ನೆ ಬಂದರೆ ಪಾನಕ ಸಿಗುತ್ತದೆ, ಊಟ ಕಷ್ಟ. ಎರಡು ದಿನ ಮುಂಚೆ ವಾಟ್ಸಾಪ್ ಮಾಡಿ, ಅರ್ಧ ಮುಂಗಡ ಕಳಿಸಿ. ಹಿಂದಿನ ದಿನ ಬೆಳಿಗ್ಗೆಯೊಳಗೆ ಬರುವುದಿಲ್ಲ ಅಂತ ತಿಳಿಸಿದರೆ ಪೂರ್ತಿ ವಾಪಸ್. ಅದಾದ ಮೇಲೆ ಕಾಳು ನೆನೆಹಾಕಿರುತ್ತೇವೆ, ವಾಪಸ್ ಇಲ್ಲ. ಮಧ್ಯಾಹ್ನ 12:30ಕ್ಕೆ, ರಾತ್ರಿ 7:30ಕ್ಕೆ ಎಲೆ ಹಾಕುತ್ತೇವೆ. ಮುದ್ದೆ ಕಾಯುವುದಿಲ್ಲ, ಆರಿದರೆ ಗಟ್ಟಿಯಾಗುತ್ತದೆ.

ಯಾವಾಗ ರಜೆ?

ಪ್ರತಿ ಸೋಮವಾರ. ಪಿತೃಪಕ್ಷದಲ್ಲಿ ಕೆಲವು ದಿನ ಮುಚ್ಚಿರುತ್ತೇವೆ, ಆಗ ನಮ್ಮವರೆಲ್ಲ ತಮ್ಮ ತಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡಬೇಕು. ಯುಗಾದಿ ದಿನ ರಜೆ. ಮಾರನೇ ದಿನ ಹೊಸತೊಡಕಿಗೆ ತೆರೆದಿರುತ್ತೇವೆ, ಆದರೆ ಜಾಗ ತಿಂಗಳ ಮುಂಚೆಯೇ ತುಂಬಿರುತ್ತದೆ. ಶ್ರಾವಣದಲ್ಲಿ ಮಾಂಸದೂಟ ಕೇಳುವವರು ಕಮ್ಮಿ, ಹಾಗಾಗಿ ಆ ತಿಂಗಳು ಭಾನುವಾರ ಮಾತ್ರ. ದಸರಾ ಹತ್ತು ದಿನ ರಸ್ತೆಯಲ್ಲಿ ವಿಪರೀತ ಗಾಡಿ, ಒಂದು ಗಂಟೆ ಮುಂಚೆ ಹೊರಡಿ.

ಬರೋದು ಹೇಗೆ?

ಬೆಂಗಳೂರಿನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬರುವವರು ಗಮನಿಸಿ, ಅದು ಶ್ರೀರಂಗಪಟ್ಟಣದ ಒಳಗೆ ಬರುವುದಿಲ್ಲ, ಹೊರಗಿನಿಂದ ಹೋಗುತ್ತದೆ. ಮೊದಲೇ ಸರ್ವಿಸ್ ರಸ್ತೆಗೆ ಇಳಿದುಕೊಳ್ಳಿ. ಬೈಕಿನವರಿಗೆ 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಬನ್ನಿ. ರೈಲಿನಲ್ಲಿ ಬಂದರೆ ಶ್ರೀರಂಗಪಟ್ಟಣದಲ್ಲಿ ಇಳಿದು ಆಟೋ ಹಿಡಿಯಿರಿ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಟಿಕೆಟ್ ಮಾಡಿಸಿ. ಊರೊಳಗಿನ ರಸ್ತೆಯಲ್ಲಿ ರಾಗಿ, ಹುರುಳಿ ಒಕ್ಕಣೆ ಮಾಡುವ ಕಾಲದಲ್ಲಿ ನಿಧಾನ.

ಬೆಳಿಗ್ಗೆ ಬೇಗ ಬಂದರೆ ರಂಗನತಿಟ್ಟಿನ ಹಕ್ಕಿ ನೋಡಿಕೊಂಡು ಊಟಕ್ಕೆ ಬರಬಹುದು.

ಡ್ರಿಂಕ್ಸ್ ಸಿಗುತ್ತಾ? ನಾವೇ ತಂದ್ರೆ?

ಎರಡೂ ಇಲ್ಲ. ನಮಗೆ ಅಬಕಾರಿ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದ ಜಾಗದಲ್ಲಿ ಕುಡಿಯಲು ಬಿಡುವುದು ಅಪರಾಧ. ಕಬ್ಬು ಅರೆಯುವ ಕಾಲದಲ್ಲಿ ಬಂದರೆ ಶುಂಠಿ, ನಿಂಬೆ ಹಾಕಿದ ಕಬ್ಬಿನ ಹಾಲು ಇದೆ.

ಸಕ್ಕರೆ ಕಾಯಿಲೆ, ಅಲರ್ಜಿ ಇದ್ದವರಿಗೆ?

ಮೊದಲೇ ಹೇಳಿ. ಅಡುಗೆಯಲ್ಲಿ ಕಡಲೆಕಾಯಿ, ಹುಚ್ಚೆಳ್ಳು, ತೆಂಗು, ಹಾಲು ಎಲ್ಲ ಬಳಸುತ್ತೇವೆ. ಗೋಧಿ ಆಗದವರು ರಾಗಿ, ಅಕ್ಕಿ ತಾನೆ ಅಂತ ನಿಶ್ಚಿಂತೆಯಿಂದ ಕೂರಬೇಡಿ. ಅಂಗಡಿಯ ಇಂಗಿನಲ್ಲಿ ಬಹಳ ಸಲ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ. ಹೇಳಿದರೆ ನಿಮ್ಮ ಒಗ್ಗರಣೆಗೆ ಇಂಗು ಹಾಕುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಬೆಲ್ಲದ ಸಿಹಿ ಪರವಾಗಿಲ್ಲ ಅಂತ ಎರಡು ಕಜ್ಜಾಯ ಕೇಳುತ್ತಾರೆ. ಬೆಲ್ಲವೂ ಸಕ್ಕರೆಯನ್ನು ಏರಿಸುತ್ತದೆ. ಆಮೇಲೆ ನಿಮ್ಮಿಷ್ಟ.

ಫೋಟೋ ತೆಗೀಬಹುದಾ? ಪ್ರೀ-ವೆಡ್ಡಿಂಗ್ ಶೂಟ್?

ಫೋಟೋ ಧಾರಾಳವಾಗಿ ತೆಗೆಯಿರಿ, ದೇವರಮನೆ ಮತ್ತು ಉಣ್ಣುತ್ತಿರುವ ಬೇರೆಯವರನ್ನು ಬಿಟ್ಟು. ಪ್ರೀ-ವೆಡ್ಡಿಂಗ್ ಶೂಟ್ ಇಲ್ಲ. ಡ್ರೋನ್ ಖಂಡಿತ ಬೇಡ, ಪಕ್ಕದ ಮನೆಯ ಹಸುಗಳು ಬೆದರುತ್ತವೆ.

ನಮ್ಮೂರಲ್ಲೂ ಇಂಥ ಮನೆ ಪಾಳು ಬಿದ್ದಿದೆ. ನಾವೂ ಹೀಗೆ ಮಾಡಬಹುದಾ?

ಮಾಡಬಹುದು, ಆದರೆ ಗಾರೆಗಿಂತ ಮೊದಲು ಕಾಗದ ನೋಡಿ. ಹಳೇ ಮನೆಗಳಲ್ಲಿ ಹೆಚ್ಚಿನವು ಅಣ್ಣತಮ್ಮಂದಿರ ಭಾಗದಲ್ಲಿ ಹಂಚಿಹೋಗಿರುತ್ತವೆ, ತೊಟ್ಟಿ ಒಬ್ಬರಿಗೆ, ಅಡುಗೆಮನೆ ಇನ್ನೊಬ್ಬರಿಗೆ. ಹೆಣ್ಣುಮಕ್ಕಳ ಸಹಿಯೂ ಬೇಕು. ಪಂಚಾಯ್ತಿಯಲ್ಲಿ ಇ-ಸ್ವತ್ತು (ಆಸ್ತಿಯ ಕಂಪ್ಯೂಟರ್ ದಾಖಲೆ) ಆಗಿರಬೇಕು. ಊಟ ಮಾರಲು ಪಂಚಾಯ್ತಿ ಪರವಾನಗಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಬೇಕು.

ಶ್ರೀರಂಗಪಟ್ಟಣದಂಥ ಕಡೆ ಇನ್ನೊಂದು ವಿಷಯ. ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 2010ರಲ್ಲಿ ಕಾನೂನು ತಿದ್ದುಪಡಿ ಆದ ಮೇಲೆ ಈ ನಿಯಮ ಬಿಗಿಯಾಗಿದೆ. 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ನಿಮ್ಮದೇ ಮನೆ ರಿಪೇರಿ ಮಾಡಲೂ ಅನುಮತಿ ಬೇಕು.

ಇಷ್ಟೆಲ್ಲ ರಗಳೆ ಯಾಕೆ ಅಂತ ಅನ್ನಿಸುವ ಹೊತ್ತಿಗೆ ಸರಿಯಾಗಿ ಹಳೇ ಮರದ ವ್ಯಾಪಾರಿ ಬಾಗಿಲಿಗೆ ಬಂದಿರುತ್ತಾನೆ. ಕಂಬಕ್ಕಿಷ್ಟು, ಬಾಗಿಲಿಗಿಷ್ಟು ಅಂತ ನಗದು ಎಣಿಸುತ್ತಾನೆ. ಅದೇ ಕಂಬ ಆಮೇಲೆ ಯಾವುದೋ ರೆಸಾರ್ಟಿನ ಸ್ವಾಗತ ಕೋಣೆಯಲ್ಲಿ ಏನನ್ನೂ ಹೊರದೆ ನಿಂತಿರುತ್ತದೆ. ಮಾರುವ ಮುಂಚೆ ಕನಿಷ್ಠ ಒಂದು ಕೆಲಸ ಮಾಡಿ: ಮಾಡಿನ ತೂತು ಮುಚ್ಚಿಸಿ. ಮಣ್ಣಿನ ಮನೆ ಬಿಸಿಲಿಗೆ ಹೆದರುವುದಿಲ್ಲ, ಮೇಲಿನಿಂದ ಬೀಳುವ ನೀರಿಗೆ ಹೆದರುತ್ತದೆ. ಟಾರ್ಪಾಲ್ ಹಾಕಿದರೂ ಸರಿ, ಭಾಗದ ಜಗಳ ಮುಗಿಯುವವರೆಗೆ ಗೋಡೆ ನಿಂತಿರುತ್ತದೆ. ಎಲ್ಲ ಮನೆಯೂ ಊಟದ ಮನೆ ಆಗಬೇಕಿಲ್ಲ. ಮೇಸ್ತ್ರಿಗಳ ವಿಳಾಸ ಬೇಕಾದರೆ ಊಟದ ದಿನ ಕೇಳಿ, ಅವರನ್ನು ವಿಚಾರಿಸಿ ಕೊಡುತ್ತೇವೆ.

ಪಾರ್ಸಲ್ ಇದೆಯಾ?

ಇಲ್ಲ. ಹುಚ್ಚೆಳ್ಳು ಚಟ್ನಿಪುಡಿ, ಸಾರಿನ ಪುಡಿ, ಅಚ್ಚುಬೆಲ್ಲ ಹೊರಡುವಾಗ ಜಗಲಿ ಪಕ್ಕದ ಕೋಣೆಯಲ್ಲಿ ಸಿಗುತ್ತದೆ. ಮೈಸೂರು ವೀಳ್ಯದೆಲೆಯ ಕಟ್ಟು ಬೇಕಾದರೆ ಮುಂಚೆಯೇ ಹೇಳಿಡಿ, ಬೆಳಿಗ್ಗೆ ಬಂದ ಎಲೆ ಸಂಜೆಯೊಳಗೆ ಖಾಲಿಯಾಗುತ್ತದೆ.